ನಿದ್ದೆ ಮಾಡುವ ಗುಂಡಿ

ಶೈತ್ಯಾಗಾರದಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವಳು ಅತ್ತಿಗೆಯಾಗಿದ್ದುದು ಅಲ್ಲಿ ಒಬ್ಬನಿಗೆ ಮಾತ್ರ. ಗಂಡನ ತಮ್ಮ ಅಲ್ಲಿಯೇ ಪೆಟ್ಟಿಗೆ ಹೊರುವ ಕೆಲಸಕ್ಕಿದ್ದ. ಅವನು ಬೆಳಗಿನಿಂದ ಸಂಜೆಯವರೆಗೆ ಕಾರಿಡಾರಿನ ಉದ್ದಕ್ಕೂ ಕೇಳುವಂತೆ “ಅತ್ತಿಗೇ” ಎಂದು ಕೂಗಿ ಕೂಗಿ, ಆ ಸಂಬಂಧ ನೆಗಡಿಯ ಹಾಗೆ ಉಳಿದವರಿಗೂ ಹತ್ತಿಕೊಂಡಿತು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯನಾದ ಟ್ರಾಲಿಯವನೂ ಹಾಗೆಯೇ ಕರೆಯುತ್ತಿದ್ದ. ಮೈಮರೆತಾಗ ಮೇನೇಜರ ಬಾಯಲ್ಲೂ ಅದೇ ಬರುತ್ತಿತ್ತು. “ಇಷ್ಟೊಂದು ಮೈದುನಂದಿರನ್ನ ನಮ್ಮತ್ತೆ ಯಾವಾಗ ಹೆತ್ತರೋ ಕಾಣೆ” ಎಂದು ಅವಳು ನಗುತ್ತಿದ್ದಳು.

ಅವಳ ಕೆಲಸ ಗಂಟೆ ಕೇಳುವುದು. ಕಾರಿಡಾರಿನ ಒಂದು ತುದಿಗೆ ಗಾಜಿನ ಕಿಟಕಿಯ ಸಣ್ಣ ಕೋಣೆ, ಅದರ ಗೋಡೆಗೆ ಹೊಡೆದ ಹಲಗೆ, ಹಲಗೆಯ ಮೇಲೆ ಸಾಲಾಗಿ ಗಂಟೆಗಳು. ಒಂದೊಂದು ಗಂಟೆಯಿಂದಲೂ ಹೊರಟ ತಂತಿ ಚಾವಣಿಯ ಅಂಚು ಹಿಡಿದು ಹೋಗಿ ಒಂದೊಂದು ಶೀತಲ ಕೋಣೆಯೊಳಗೆ ಇಳಿದು, ಬಾಗಿಲ ಪಕ್ಕದ ಕೆಂಪು ಗುಂಡಿಯಲ್ಲಿ ಮುಗಿಯುತ್ತಿತ್ತು. ಒಳಗಿದ್ದವನು ಎರಡು ಸಲ ಒತ್ತಿದರೆ ಟ್ರಾಲಿ ಬೇಕು. ಮೂರು ಸಲ ಒತ್ತಿದರೆ ಕೆಲಸ ಮುಗಿಯಿತು. ಬೆರಳೆತ್ತದೆ ಒತ್ತಿ ಹಿಡಿದರೆ, ಬಾಗಿಲು ತೆರೆಯಿರಿ, ನಾನು ಸಿಕ್ಕಿಕೊಂಡಿದ್ದೇನೆ. ಕೊನೆಯದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುತ್ತಿತ್ತು. ಅದಕ್ಕಾಗಿಯೇ ಅವಳು ಉಳಿದೆಲ್ಲ ದಿನಗಳೂ ಅಲ್ಲಿ ಕುಳಿತಿರಬೇಕಾಗಿತ್ತು.

ಆ ಕುರ್ಚಿ ಅವಳಿಗೆ ಸುಮ್ಮನೆ ಬಂದುದಲ್ಲ. ಅವಳ ಗಂಡನೂ ಮೊದಲು ಅಲ್ಲಿಯೇ ದುಡಿಯುತ್ತಿದ್ದ. ಗಂಟೆಗಳಿರದಿದ್ದ ಕಾಲ ಅದು. ಒಂದು ಮಧ್ಯಾಹ್ನ ಮೀನಿನ ಕೋಣೆಯಲ್ಲಿ ಅವನು ಒಬ್ಬನೇ ಇದ್ದಾಗ ಬಾಗಿಲು ಜಾರಿ ಮುಚ್ಚಿಕೊಂಡಿತು. ಒಳಗಿನ ಹಿಡಿ ಹಿಮಗಟ್ಟಿ ಕಚ್ಚಿಕೊಂಡಿತ್ತು. ಆ ಬಾಗಿಲುಗಳು ಮೊಳದಷ್ಟು ದಪ್ಪ. ಎಷ್ಟು ಬಡಿದರೂ ಹೊರಗೆ ಯಂತ್ರಗಳ ಗುಂಯ್‌ಗುಡುವಿಕೆಯ ನಡುವೆ ಯಾರಿಗೂ ಕೇಳಲಿಲ್ಲ. ಕಿವಿಯನ್ನು ಬಾಗಿಲಿಗೇ ಆನಿಸಿದ್ದರೆ ಕೇಳುತ್ತಿತ್ತೋ ಏನೋ, ಆನಿಸುವವರು ಇರಲಿಲ್ಲ. ಅವನು ಬದುಕಿ ಬಂದ, ಬಲಗೈಯ ಬೆರಳುಗಳು ಮಾತ್ರ ಬರಲಿಲ್ಲ. ಆಮೇಲೆ ಕಂಪನಿ ಎರಡು ಕೆಲಸ ಮಾಡಿತು: ಕೋಣೆಗಳಿಗೆ ಗಂಟೆ ಹಾಕಿಸಿತು, ಅವನ ಹೆಂಡತಿಗೆ ಕುರ್ಚಿ ಹಾಕಿಸಿತು. ತಾನು ಕೂತಿರುವುದು ಗಂಡನ ಬೆರಳುಗಳ ಮೇಲೆ ಎಂಬುದನ್ನು ಅವಳು ಮರೆತವಳಲ್ಲ, ಬಾಯಿಬಿಟ್ಟು ಆಡಿದವಳೂ ಅಲ್ಲ. ಆಡುವ ಕೆಲಸವನ್ನು ಗಂಡನೇ ಮಾಡುತ್ತಿದ್ದ. “ಕೈ ಹಿಡಿದ ಗಂಡ ಅಂತಾರೆ. ನಿನಗೆ ಆ ಭಾಗ್ಯಾನೂ ಪೂರ್ತಿ ಇಲ್ಲ ನೋಡು” ಎಂದು ಎಡಗೈಯಲ್ಲಿ ಲೋಟ ಹಿಡಿದು ನಗುತ್ತಿದ್ದ.

ಮೈದುನನನ್ನು ಅವಳೇ ಬೆಳೆಸಿದ್ದಳು. ಅವಳು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಅವನಿನ್ನೂ ಅಂಗಿಯ ಗುಂಡಿಯನ್ನು ಮೇಲುಕೆಳಗು ಹಾಕಿಕೊಳ್ಳುವ ವಯಸ್ಸಿನವನು. ಕೂತಲ್ಲಿ ನಿಂತಲ್ಲಿ ಬೆರಳಿನಿಂದ ತಾಳ ಹಾಕುವ ಚಟ ಅವನಿಗೆ. ತಟ್ಟೆಯ ಮೇಲೆ, ಗೋಡೆಯ ಮೇಲೆ, ನಿದ್ದೆಯಲ್ಲಿ ಹಾಸಿಗೆಯ ಮೇಲೆ. ಶೈತ್ಯಾಗಾರದ ಗಂಟೆಯನ್ನೂ ಅವನು ಬಿಡಲಿಲ್ಲ. ಟ್ರಾಲಿಗಾಗಿ ಎರಡು ಸಲ ಒತ್ತುವುದಿದ್ದರೂ ಅದಕ್ಕೆ ತನ್ನದೊಂದು ಸಣ್ಣ ಬಾಲ ಸೇರಿಸುತ್ತಿದ್ದ: ಟಣ್, ಟಟಣ್, ಟಣ್. ಅದು ಅವನ ಹೆಸರು ಇದ್ದ ಹಾಗೆ.

“ಗಂಟೆ ಏನು ನಿನ್ನ ಮದ್ದಳೆನೇನೋ?” ಎಂದು ಅವಳು ಗದರಿದರೆ,

“ಮತ್ತೆ ನಾನು ಅಂತ ನಿಮಗೆ ಗೊತ್ತಾಗೋದು ಹೇಗೆ ಅತ್ತಿಗೆ?” ಎನ್ನುತ್ತಿದ್ದ.

ಗೊತ್ತಾಗುತ್ತಿತ್ತು. ಎಲ್ಲರದೂ ಗೊತ್ತಾಗುತ್ತಿತ್ತು. ಆತುರಗಾರನ ಗಂಟೆ ಕಡಿದ ಹಾಗೆ ನಿಲ್ಲುತ್ತಿತ್ತು. ಸೋಮಾರಿಯದು ಎರಡನೆಯ ಸಲಕ್ಕೆ ಎದ್ದು ಬರಲೋ ಬೇಡವೋ ಎಂದು ಅನುಮಾನಿಸುತ್ತಿತ್ತು. ಒಬ್ಬನಿಗೆ ಜ್ವರವಿದ್ದುದನ್ನು ಅವನು ಹೊರಬರುವ ಮೊದಲೇ ಗಂಟೆಯಲ್ಲಿ ಕೇಳಿ ಅವಳು ಚಹಾಕ್ಕೆ ಹೇಳಿಟ್ಟದ್ದುಂಟು.

ಕಿವಿಯಷ್ಟೇ ಅಲ್ಲ, ಕಣ್ಣಿಗೂ ಅಲ್ಲಿ ಕೆಲಸವಿತ್ತು. ಒಳಗಿನ ನೆಲದ ಮೇಲೆ ಮಂಜಿನ ಪದರವಿರುತ್ತದೆ. ಸಾಮಾನ್ಯ ಚಪ್ಪಲಿಯಲ್ಲಿ ಹೋದರೆ ಜಾರುವುದು ಖಂಡಿತ. ಆದ್ದರಿಂದ ಒಳಹೋಗುವವರು ತಮ್ಮ ಚಪ್ಪಲಿಯನ್ನು ಬಾಗಿಲ ಮುಂದಿನ ಹಲಗೆಯ ಮೇಲೆ ಬಿಟ್ಟು, ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳುತ್ತಿದ್ದರು. ಹಲಗೆಯ ಮೇಲೆ ಚಪ್ಪಲಿ ಇದ್ದರೆ ಚಪ್ಪಲಿಯ ಒಡೆಯ ಒಳಗಿದ್ದಾನೆ. ಇದನ್ನು ಯಾರೂ ನಿಯಮವೆಂದು ಮಾಡಿರಲಿಲ್ಲ.

ಹೊಸ ವೈಫೈ ಬಂದದ್ದು ಅತ್ತಿಗೆಯ ಸಲುವಾಗಿ ಅಲ್ಲ, ಸರಕಿನ ಸಲುವಾಗಿ. ಸರಕು ಕೊಳ್ಳುವ ದೊಡ್ಡ ಅಂಗಡಿಗಳವರು, ತಮ್ಮ ಪೆಟ್ಟಿಗೆ ಈ ಗಳಿಗೆ ಎಷ್ಟು ತಣ್ಣಗಿದೆ ಎಂಬುದನ್ನು ತಮ್ಮ ಆಫೀಸಿನಲ್ಲಿ ಕೂತೇ ನೋಡಬೇಕು ಎಂದರು. ಹಳೆಯ ವೈಫೈಗೆ ಅದು ಆಗದ ಮಾತಾಗಿತ್ತು. ಪೆಟ್ಟಿಗೆಯ ಚೀಟಿ ಓದುವ, ಕೈಯಲ್ಲಿ ಹಿಡಿಯುವ ಸ್ಕ್ಯಾನರುಗಳೇ ಕೋಣೆಯೊಳಗೆ ಮೂಕವಾಗುತ್ತಿದ್ದವು. ಗಂಡಸರು ಬಾಗಿಲಿಗೆ ಬಂದು ಅವನ್ನು ತಲೆಯ ಮೇಲೆ ಎತ್ತಿ ಹಿಡಿದು, ಸಿಗ್ನಲ್ ಎಂಬುದು ಮಾವಿನ ಮರದಿಂದ ಉದುರಬೇಕಾದ ಹಣ್ಣೆಂಬಂತೆ ಕಾಯುತ್ತಿದ್ದರು. ಒಂದು ದಿನ ಮೇನೇಜರು ಎಲ್ಲರನ್ನೂ ಸೇರಿಸಿ, ಇಡೀ ಕಟ್ಟಡಕ್ಕೆ ಹೊಸ ತಲೆಮಾರಿನ ವೈಫೈ ಬರುತ್ತದೆ, ಸ್ಕ್ಯಾನರು, ಶಾಖಮಾಪಕ, ಕರೆಗುಂಡಿ ಎಲ್ಲವೂ ಅದರೊಳಗೇ ಎಂದು ಹೇಳಿದರು. ಅದನ್ನು ಕೂಡಿಸಲು ಬಂದವಳು ಒಬ್ಬ ಇಂಜಿನಿಯರು. ಸಣ್ಣ ವಯಸ್ಸು, ಬಾಬ್ ಮಾಡಿದ ಕೂದಲು, ಏಣಿಯ ಮೇಲೆ ಬೆಕ್ಕಿನಂತೆ ಹತ್ತುವವಳು. ಎರಡೇ ದಿನದಲ್ಲಿ ಅವಳಿಗೆ ವೈಫೈ ಮೇಡಂ ಎಂಬ ಹೆಸರು ಬಿತ್ತು.

ಚಹಾದ ಹೊತ್ತಿನಲ್ಲಿ ಅವಳು ಲೋಟಗಳನ್ನು ಸಾಲಾಗಿಟ್ಟು ವಿವರಿಸಿದಳು. “ಹಳೇದು ಒಬ್ಬ ಮೇಷ್ಟ್ರ ಥರ ಅಕ್ಕಾ. ಒಂದು ಸಲಕ್ಕೆ ಒಬ್ಬರ ಮಾತೇ ಕೇಳ್ತಿತ್ತು. ಉಳಿದವರು ಕೈ ಎತ್ಕೊಂಡು ಕಾಯ್ಬೇಕು. ಇದು ಎಷ್ಟೋ ಜನರ ಮಾತು ಒಟ್ಟಿಗೇ ಕೇಳತ್ತೆ. ಯಾರ ಸರದಿ ಯಾವಾಗ ಅಂತ ಮೊದಲೇ ಹೇಳಿಬಿಡತ್ತೆ. ಸರದಿ ಬರೋತನಕ ಅವು ನಿದ್ದೆ ಮಾಡ್ಬಹುದು.”

“ನಿದ್ದೆನಾ?”

“ಹ್ಞೂಂ. ಬ್ಯಾಟರಿ ಉಳಿಯತ್ತಲ್ಲ.”

“ಹಾಗಾದ್ರೆ ನನಗೂ ಅಂಥದ್ದೊಂದು ಅಂಟಿಸಿ ಮೇಡಂ” ಎಂದ ಟ್ರಾಲಿಯವನು. “ಸರದಿ ಬಂದಾಗ ಎದ್ದೇಳ್ತೀನಿ.”

“ನಿನಗೆ ಹುಟ್ಟುವಾಗಲೇ ಅಂಟಿಸಿ ಕಳಿಸಿದಾರೆ ಕಣಯ್ಯ” ಎಂದರು ಮೇನೇಜರು. ಎಲ್ಲರೂ ನಕ್ಕರು.

ಅತ್ತಿಗೆ ನಗುವುದನ್ನು ಬಿಟ್ಟು ಕೇಳಿದಳು: “ಗುಂಡಿಯೂ ನಿದ್ದೆ ಮಾಡತ್ತಾ?”

“ಮಾಡತ್ತೆ. ಆದ್ರೆ ಯಾರಾದ್ರೂ ಒತ್ತಿದ್ರೆ ಅದನ್ನ ನೆನಪಿಟ್ಕೊಂಡು, ಎದ್ದ ಕೂಡ್ಲೇ ಹೇಳತ್ತೆ. ನೀವು ಹ್ಞಾಂ ಅನ್ನೋಷ್ಟರಲ್ಲಿ ಎದ್ದಿರತ್ತೆ, ಹೆದರ್ಬೇಡಿ.”

ಅವಳು ಹೆದರಲಿಲ್ಲ. ಹೊಸದನ್ನು ಕಂಡು ಮುಖ ಸಿಂಡರಿಸುವ ಹೆಂಗಸಲ್ಲ ಅವಳು. ಗಂಟೆಯ ಹಲಗೆ ಅವಳನ್ನು ಕುರ್ಚಿಗೆ ಕಟ್ಟಿಹಾಕಿತ್ತು; ಬಚ್ಚಲಿಗೆ ಹೋಗಬೇಕಾದರೂ ಯಾರನ್ನಾದರೂ ಕರೆದು ಕೂರಿಸಿ ಹೋಗಬೇಕಿತ್ತು. ಈಗ ಕೈಯಲ್ಲೊಂದು ಟ್ಯಾಬ್ ಹಿಡಿದು ಎಲ್ಲಿ ಬೇಕಾದರೂ ಓಡಾಡಬಹುದು. ಆ ಸಂಜೆ ಅವಳು ಮನೆಗೆ ಬಂದದ್ದೇ ಹಗುರವಾಗಿ. ಗಂಡ ಮಾತ್ರ ಕೇಳಿ ಲೋಟ ಕೆಳಗಿಟ್ಟ.

“ತಂತಿ ಕಿತ್ತುಹಾಕ್ತಾರಾ?”

“ತಂತಿ ಯಾಕ್ರೀ ಇನ್ನು? ಗಾಳಿಯಲ್ಲೇ ಬರತ್ತೆ.”

“ಗಾಳಿಯಲ್ಲಿ ಬಂದದ್ದು ಗಾಳಿಯಲ್ಲೇ ಹೋಗತ್ತೆ ಕಣೇ. ಇರಲಿ ಬಿಡು ತಂತಿ, ಒಂದು ಕಡೆ.”

“ನಿಮ್ಮ ಮಾತು ಕೇಳಿದ್ರೆ ಇನ್ನೂ ಲಾಟೀನು ಹಚ್ಕೊಂಡು ಕೂರ್ಬೇಕಿತ್ತು.”

ಅವನು ಒಳಗಿನಿಂದ ಬರುತ್ತಿದ್ದ ತಮ್ಮನ ತಾಳವನ್ನು ಕೇಳುತ್ತ ಕುಳಿತ.

ತಂತಿ ಕಿತ್ತರು. ಚಾವಣಿಯ ಅಂಚಿನಿಂದ ಎಳೆದೆಳೆದು ಕಾರಿಡಾರಿನ ನಡುವೆ ಸುತ್ತಿ ಹಾಕಿದ ಆ ರಾಶಿ, ಯಾವುದೋ ದೊಡ್ಡ ಪ್ರಾಣಿಯ ಕರುಳಿನಂತೆ ಒಂದು ದಿನವಿಡೀ ಬಿದ್ದಿತ್ತು; ಮರುದಿನ ಗುಜರಿಯವನು ಗಂಟೆಗಳ ಸಮೇತ ಹೊತ್ತುಕೊಂಡು ಹೋದ. ಹಲಗೆಯ ಮೇಲೆ ಗಂಟೆ ಇದ್ದಲ್ಲೆಲ್ಲ ದುಂಡನೆಯ ಬಿಳಿಚು ಗುರುತು ಉಳಿಯಿತು. ಚಾವಣಿಯಲ್ಲಿ ಈಗ ಬೋರಲು ಹಾಕಿದ ತಟ್ಟೆಯಂತಹ ಬಿಳಿಯ ಪೆಟ್ಟಿಗೆಗಳು, ಅವುಗಳ ಅಂಚಿನಲ್ಲಿ ಮಿಟುಕದೆ ನೋಡುವ ಹಸಿರು ದೀಪ.

ಎಲ್ಲವೂ ಚೆನ್ನಾಗಿಯೇ ನಡೆಯಿತು. ಇದನ್ನು ಒತ್ತಿ ಹೇಳಬೇಕು. ಸ್ಕ್ಯಾನರುಗಳಿಗೆ ಮಾತು ಬಂತು. ಹೊರೆ ಹೊತ್ತ ಲಾರಿಗಳು ಬಾಗಿಲಲ್ಲಿ ನಿಂತು ಗೊಣಗುವುದು ತಪ್ಪಿತು. ಮೇನೇಜರು ಬಂದ ಅತಿಥಿಗಳಿಗೆಲ್ಲ ಅತ್ತಿಗೆಯ ಕೈಯ ಟ್ಯಾಬನ್ನು ತೋರಿಸುತ್ತಿದ್ದರು. ಅದರಲ್ಲಿ ಒಂದೊಂದು ಕೋಣೆಗೂ ಒಂದೊಂದು ಹಸಿರು ಸಾಲು. ಯಾರಾದರೂ ಗುಂಡಿ ಒತ್ತಿದರೆ ಆ ಕೋಣೆಯ ಸಾಲು ಕೆಂಪಾಗುತ್ತದೆ, ಟ್ಯಾಬ್ ಒಮ್ಮೆ ನಡುಗುತ್ತದೆ. ಅವಳು ಸಾಲಿನ ಕೆಳಗಿನ ‘ನೋಡಿದೆ’ ಎಂಬುದನ್ನು ಮುಟ್ಟಿದರೆ ಮತ್ತೆ ಹಸಿರು. ಟ್ರಾಲಿಗೂ ಕೆಂಪು, ಕೆಲಸ ಮುಗಿದರೂ ಕೆಂಪು, ಸಿಕ್ಕಿಕೊಂಡರೂ ಕೆಂಪು. ಇನ್ನು ಮುಂದೆ ಟ್ರಾಲಿ ಬೇಕಾದರೆ ಸ್ಕ್ಯಾನರಿನಲ್ಲಿ ಕೇಳಿ, ಗುಂಡಿ ಅಪಾಯಕ್ಕೆ ಮಾತ್ರ ಎಂದು ಮೇನೇಜರು ಹೇಳಿದ್ದರು. ಕಿವಿ ಕೇಳಿಸಿಕೊಂಡಿತ್ತು, ಬೆರಳು ಕೇಳಿಸಿಕೊಂಡಿರಲಿಲ್ಲ. ದಪ್ಪ ಕೈಗವಸು ಹಾಕಿದವರಿಗೆ ಸ್ಕ್ಯಾನರಿಗಿಂತ ಗುಂಡಿಯೇ ಸುಲಭ. ಕೆಂಪು ಬರುತ್ತಲೇ ಇತ್ತು, ಅವಳು ಮುಟ್ಟುತ್ತಲೇ ಇದ್ದಳು.

ಕಾರಿಡಾರು ಮಾತ್ರ ನಿಶ್ಶಬ್ದವಾಯಿತು. ಯಂತ್ರಗಳ ಗುಂಯ್‌ಗುಟ್ಟುವಿಕೆ ಮೊದಲೂ ಇತ್ತು. ಗಂಟೆಗಳ ನಡುವೆ ಅದು ಕೇಳಿರಲಿಲ್ಲ, ಅಷ್ಟೆ. ಈಗ ಅದೊಂದೇ ಕೇಳುತ್ತಿತ್ತು.

ಸರಕಿನ ಸುಗ್ಗಿ ಬಂದು ಕೋಣೆಗಳು ಚಾವಣಿಯವರೆಗೆ ತುಂಬಿದ ಮೇಲೆ ಹೊಸದೊಂದು ತಲೆನೋವು ಹುಟ್ಟಿತು. ಗುಂಡಿಗಳ ಬ್ಯಾಟರಿ ಬೇಗ ಬೇಗ ಸಾಯತೊಡಗಿತು. ಇಷ್ಟೊಂದು ಹೆಪ್ಪುಗಟ್ಟಿದ ಸರಕಿನ ಗೋಡೆಯನ್ನು ದಾಟಿ ಕೂಗಬೇಕಾದರೆ ಗುಂಡಿಗೆ ಹೆಚ್ಚು ಶಕ್ತಿ ಬೇಕು, ಮೇಲಾಗಿ ಚಳಿಗೆ ಬ್ಯಾಟರಿಯೇ ಕುಗ್ಗುತ್ತದೆ ಎಂದಳು ವೈಫೈ ಮೇಡಂ. ಬದಲಾಯಿಸುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಕೋಟು ತೊಟ್ಟು, ಬೂಟು ಮೆಟ್ಟಿ, ಒಂದೊಂದು ಕೋಣೆಗೂ ಹೋಗಿ ನಡುಗುವ ಕೈಯಲ್ಲಿ ಸಣ್ಣ ಸ್ಕ್ರೂ ಬಿಚ್ಚಬೇಕು. ಅವಳ ಮಂಡಿಗಳು ಆ ಚಳಿಯನ್ನು ಮನೆಯವರೆಗೂ ಹೊತ್ತು ತರುತ್ತಿದ್ದವು. ಒಂದು ವಾರ ಸಹಿಸಿದಳು, ಎರಡು ವಾರ ಸಹಿಸಿದಳು, ಕೊನೆಗೆ ವೈಫೈ ಮೇಡಂ ಬಂದ ದಿನ ಹಿಡಿದು ನಿಲ್ಲಿಸಿದಳು.

“ಇದಕ್ಕೇನಾದ್ರೂ ದಾರಿ ತೋರ್ಸಿ ಮಗಳೇ. ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ.”

“ಒಂದಿದೆ ಅಕ್ಕಾ. ನಿದ್ದೆ ಹೆಚ್ಚು ಮಾಡ್ಬಹುದು. ಅಪರೂಪಕ್ಕೆ ಏಳೋ ಹಾಗೆ. ಆಗ ಬ್ಯಾಟರಿ ಸುಮಾರು ದಿನ ಬರತ್ತೆ. ಆದ್ರೆ ಸುದ್ದಿ ತಡವಾಗತ್ತೆ, ನೋಡಿ. ಅಷ್ಟೊತ್ತು ಒತ್ತಿದ್ದೆಲ್ಲ ಸೇರಿ ಒಂದೇ ಸಲ ಬರತ್ತೆ.”

“ತಡ ಅಂದ್ರೆ ಎಷ್ಟು?”

“ಒಂದು ಚಹಾ ಕುಡಿಯೋಷ್ಟು ಅಂದ್ಕೊಳ್ಳಿ. ನನಗೇನೋ ಅದು ಅಷ್ಟು ಸರಿ ಅನ್ಸಲ್ಲ.”

ಅತ್ತಿಗೆ ಯೋಚಿಸಿದಳು. ಒಳಗೆ ಸಿಕ್ಕಿಕೊಂಡವರು ಕೋಟು, ಗವಸು ಎಲ್ಲ ತೊಟ್ಟೇ ಇರುತ್ತಾರೆ. ಒಂದು ಚಹಾದ ಹೊತ್ತಿಗೆ ಯಾರೂ ಕಲ್ಲಾಗುವುದಿಲ್ಲ. ಲೆಕ್ಕ ತಪ್ಪಾಗಿರಲಿಲ್ಲ. “ಪರವಾಗಿಲ್ಲ, ಮಾಡಿ” ಎಂದಳು. ಮೇನೇಜರೂ ತಲೆಯಾಡಿಸಿದರು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಆಮೇಲೆ ಕೆಂಪು ಸಾಲುಗಳು ತಡವಾಗಿ ಬರಲಾರಂಭಿಸಿದವು. ಒಂದು ದಿನ ಮೈದುನ ಕೆಲಸ ಮುಗಿಸಿ ಬಂದು, ಅವಳ ಮೇಜಿನ ತುದಿಗೆ ಒರಗಿ ಚಹಾ ಕುಡಿಯುತ್ತಿದ್ದಾಗ ಟ್ಯಾಬ್ ನಡುಗಿತು. ಏಳನೆಯ ಕೋಣೆ, ಸಹಾಯ.

“ಏಳರಲ್ಲಿ ಯಾರೋ ಇರೋದು?” ಎಂದಳು ಗಾಬರಿಯಿಂದ.

“ಏಳರಲ್ಲಿ ನಾನೇ ಇದ್ದೆ ಅತ್ತಿಗೆ. ಆಗಲೇ ಟ್ರಾಲಿಗೆ ಒತ್ತಿದ್ದೆ, ಕಾದು ಸಾಕಾಗಿ ಸ್ಕ್ಯಾನರಲ್ಲೇ ಕೇಳಿದೆ. ಟ್ರಾಲಿ ಬಂತು, ಹೋಯ್ತು, ನಾನೂ ಬಂದೆ. ಈಗ ಹೇಳ್ತಿದೆಯಾ ಅದು?” ಅವನು ಬಗ್ಗಿ ಟ್ಯಾಬನ್ನು ನೋಡಿದ. “ಹಾಗಾದ್ರೆ ನಾನಿನ್ನೂ ಒಳಗೇ ಇದ್ದೀನಿ. ಇಲ್ಲಿ ಚಹಾ ಕುಡೀತಿರೋನು ನನ್ನ ಪೀಡೆ.”

“ಬಿಡ್ತು ಅನ್ನು. ಏನು ಮಾತೂಂತ ಆಡ್ತೀಯೋ.”

“ಬಿಡ್ತು ಬಿಡ್ತು” ಎಂದು ಅವನು ಮೇಜಿನ ಮೇಲೆ ತಾಳ ಹಾಕಿದ. ಅವಳು ‘ನೋಡಿದೆ’ ಮುಟ್ಟಿದಳು. ಅಂದಿನಿಂದ ತಡವಾಗಿ ಬರುವ ಸಾಲುಗಳಿಗೆ ಪೀಡೆ ಎಂದೇ ಹೆಸರಾಯಿತು. ಟ್ಯಾಬ್ ನಡುಗಿದರೆ ಯಾರಾದರೂ “ಯಾರ ಪೀಡೆ ಅತ್ತಿಗೆ?” ಎಂದು ಕೇಳುವರು, ಅವಳು “ನಿಂದೇ” ಎನ್ನುವಳು, ನಗುವರು. ಕೆಂಪು ಎಂದರೆ ಆಗಿಹೋದದ್ದು ಎಂದು ಅವರೆಲ್ಲ ಕಲಿತುಬಿಟ್ಟಿದ್ದರು.

ಆ ದಿನ ಬೇರೆ ದಿನಗಳಂತೆಯೇ ಇತ್ತು. ಮಧ್ಯಾಹ್ನದ ಊಟ ಮುಗಿದಿತ್ತು, ಲಾರಿಗಳು ಹೊರಟಿದ್ದವು. ಏಳನೆಯ ಕೋಣೆಯಿಂದ ಕೊನೆಯ ಟ್ರಾಲಿಯ ಹಿಂದೆ ಮೈದುನ ಹೊರಬಂದದ್ದನ್ನು ಅತ್ತಿಗೆ ಗಾಜಿನ ಕಿಟಕಿಯಿಂದ ನೋಡಿದಳು. ಕೋಟು ಕಳಚಿ ಗೂಟಕ್ಕೆ ಹಾಕಿದ, ಗವಸುಗಳನ್ನು ಕೋಟಿನ ಜೇಬಿಗೆ ತುರುಕಿದ, ಬೂಟು ಬಿಟ್ಟು ಚಪ್ಪಲಿ ಮೆಟ್ಟಿ ಚಹಾದ ಕಡೆಗೆ ನಡೆದ. ಅವಳು ಟ್ಯಾಬಿನಲ್ಲಿ ಶಾಖದ ಅಂಕಿಗಳನ್ನು ನೋಡತೊಡಗಿದಳು. ಸ್ಕ್ಯಾನರನ್ನು ಒಳಗೇ ಪೆಟ್ಟಿಗೆಯ ಮೇಲೆ ಮರೆತು ಬಂದದ್ದು ಅವನಿಗೆ ಅರ್ಧ ದಾರಿಯಲ್ಲಿ ನೆನಪಾಯಿತು. ತಿರುಗಿ ಹೋಗಿ, ಒಂದು ನಿಮಿಷಕ್ಕೆ ಕೋಟು ಯಾಕೆ ಎಂದು ಬೂಟು ಮಾತ್ರ ಹಾಕಿಕೊಂಡು ಒಳಹೊಕ್ಕದ್ದನ್ನು ಅವಳು ನೋಡಲಿಲ್ಲ. ಬಾಗಿಲು ಅವನ ಹಿಂದೆ ಜಾರಿ ಮುಚ್ಚಿಕೊಂಡದ್ದನ್ನು ಯಾರೂ ನೋಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಟ್ಯಾಬ್ ನಡುಗಿತು. ಏಳನೆಯ ಕೋಣೆ, ಸಹಾಯ.

“ಯಾರ ಪೀಡೆ ಅತ್ತಿಗೆ?” ಎಂದ ಟ್ರಾಲಿಯವನು, ಗೋಡೆಗೆ ಒರಗಿ ಬೀಡಿಗಾಗಿ ಜೇಬು ತಡಕುತ್ತ.

“ನಮ್ಮವನದೇ. ಆಗಲೇ ಚಹಾಕ್ಕೆ ಹೋದ.” ಅವಳು ಮುಟ್ಟಿದಳು. ಹಸಿರಾಯಿತು.

ಮತ್ತೊಂದಷ್ಟು ಹೊತ್ತು ಕಳೆದು ಇನ್ನೊಮ್ಮೆ ನಡುಗಿತು. ಅದೇ ಕೋಣೆ.

“ಇವತ್ತು ಬಾಕಿ ಜಾಸ್ತಿ ಇದೆ” ಎಂದು ತನ್ನಷ್ಟಕ್ಕೆ ಅಂದುಕೊಂಡು ಮುಟ್ಟಿದಳು. ಹಸಿರಾಯಿತು. ಆಮೇಲೆ ಅದು ನಡುಗಲಿಲ್ಲ. ನಡುಗದಿದ್ದುದು ಅವಳಿಗೆ ಸಮಾಧಾನವೇ ಆಯಿತು.

ಚಹಾದ ಲೋಟಗಳನ್ನು ತೊಳೆಯಲು ಒಯ್ಯುವವನು ಕಿಟಕಿಯಲ್ಲಿ ಇಣುಕಿ, ನಿಮ್ಮ ಮೈದುನ ಇವತ್ತು ಚಹಾಕ್ಕೆ ಬರಲೇ ಇಲ್ಲವಲ್ಲ, ಅವನ ಲೋಟ ತಣ್ಣಗಾಗಿದೆ ಎಂದ. ಅತ್ತಿಗೆ ತಲೆಯೆತ್ತಿದಳು. ಕಾರಿಡಾರಿನ ಉದ್ದಕ್ಕೂ ಹಲಗೆಗಳು ಖಾಲಿಯಿದ್ದವು. ಏಳನೆಯ ಬಾಗಿಲ ಮುಂದಿನ ಹಲಗೆಯ ಮೇಲೆ ಒಂದು ಜೊತೆ ಚಪ್ಪಲಿ. ಬಲಗಾಲಿನದರ ಪಟ್ಟಿ ಹರಿದಾಗ ಅವಳೇ ಕಪ್ಪು ದಾರದಲ್ಲಿ ಹೊಲಿದದ್ದು. ಮೇಲೆ ಗೂಟದಲ್ಲಿ ಕೋಟು, ಕೋಟಿನ ಜೇಬಿನಿಂದ ಹೊರಗೆ ಇಳಿಬಿದ್ದ ಗವಸಿನ ಬೆರಳುಗಳು.

ಟ್ಯಾಬ್ ಅವಳ ಕೈಯಿಂದ ಬಿತ್ತು. ಮಂಡಿನೋವಿನ ಹೆಂಗಸು ಹಾಗೆ ಓಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಬಾಗಿಲು ಜಗ್ಗಿದಳು, ಮಂಜು ಅಂಚನ್ನು ಕಚ್ಚಿ ಹಿಡಿದಿತ್ತು. ಕಿವಿಯನ್ನು ಲೋಹಕ್ಕೆ ಆನಿಸಿದಳು. ಒಳಗಿನಿಂದ, ಬಹಳ ದೂರದಿಂದ ಎಂಬಂತೆ, ಏನೋ ಬಡಿಯುತ್ತಿತ್ತು. ನಿಧಾನವಾಗಿ, ಒಂದಕ್ಕೂ ಇನ್ನೊಂದಕ್ಕೂ ಅಂತರ ಹೆಚ್ಚುತ್ತ. ಟಣ್. ಟಟಣ್. ಆಮೇಲೆ ಏನೂ ಇಲ್ಲ.

“ಬಿಸಿನೀರು ತನ್ನಿ! ಕಬ್ಬಿಣ ತನ್ರೋ ಯಾರಾದ್ರೂ!”

ಟ್ರಾಲಿಯವನು ಟ್ರಾಲಿಯನ್ನೇ ತಂದು ಬಾಗಿಲ ಅಂಚಿಗೆ ಗುದ್ದಿದ. ತೆರೆದಾಗ ಬಿಳಿಯ ಹಬೆ ಕಾರಿಡಾರಿನ ನೆಲದ ಮೇಲೆ ಹಾಲು ಉಕ್ಕಿದಂತೆ ಹರಿಯಿತು. ಮೈದುನ ಬಾಗಿಲಿಗೆ ಒರಗಿ ಕೂತಿದ್ದ. ಬಲಗೈ ಮೇಲೆ ಚಾಚಿ ಬಾಗಿಲ ಹಿಡಿಯನ್ನು ಹಿಡಿದಂತೆಯೇ ಇತ್ತು. ಬಿಡಿಸಲು ಹೋದರೆ ಚರ್ಮ ಹಿಡಿಯಲ್ಲೇ ಉಳಿಯುತ್ತಿತ್ತು. ಎಡಗೈಯಲ್ಲಿ ಪೆಟ್ಟಿಗೆ ಎಳೆಯುವ ಕಬ್ಬಿಣದ ಕೊಕ್ಕೆ. ಕಣ್ಣುಗಳು ತೆರೆದಿದ್ದವು. ಅವಳನ್ನು ಗುರುತು ಹಿಡಿಯಲು ಅವಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಆಸ್ಪತ್ರೆಯಲ್ಲಿ, ಬಲಗೈಯ ಮೂರು ಬೆರಳುಗಳನ್ನು ತೆಗೆದ ಮೇಲೆ, ಅವನು ಮೊದಲು ಮಾತಾಡಿದ್ದು ಅವಳೊಡನೆ.

“ಒತ್ತಿದೆ ಅತ್ತಿಗೆ.”

“ಮಾತಾಡ್ಬೇಡ. ಮಲಕ್ಕೋ.”

“ಸ್ಕ್ಯಾನರು ಚಳಿಗೆ ಸತ್ತುಹೋಗಿತ್ತು. ಗುಂಡಿ ಒತ್ತಿ ಹಿಡ್ಕೊಳ್ಬೇಕು ಅಂತ ಹೊಳೀಲೇ ಇಲ್ಲ. ನಮ್ಮ ತಾಳದಲ್ಲೇ ಒತ್ತಿದೆ. ನೀವು ಗುರುತು ಹಿಡೀತೀರಿ ಅಂತ.” ಒಣಗಿದ ತುಟಿಯಲ್ಲಿ ನಕ್ಕ. “ಸಿಟ್ಟು ಬಂತೇನೋ ಅಂದ್ಕೊಂಡೆ. ಮತ್ತೆ ಒತ್ತಿದೆ. ಆಮೇಲೆ ಗುಂಡಿಯ ದೀಪಾನೇ ಆರಿಹೋಯ್ತು.”

ಅವಳು ಅವನ ಹಣೆಯ ಮೇಲೆ ಕೈಯಿಟ್ಟು ಕೂತಳು. ಮಂಚದ ಆ ಬದಿಯಲ್ಲಿ ಅವಳ ಗಂಡ ನಿಂತಿದ್ದ. ಬ್ಯಾಂಡೇಜು ಸುತ್ತಿದ ತಮ್ಮನ ಕೈಯನ್ನೂ ತನ್ನ ಮೊಂಡು ಕೈಯನ್ನೂ ನೋಡಿದ. ಅವನ ಬಾಯಿಗೆ ಎಂದಿನಂತೆ ಏನೋ ಒಂದು ಮಾತು ಬಂದದ್ದು ಅವಳಿಗೆ ತಿಳಿಯಿತು. ಅವನು ಅದನ್ನು ಆಡಲಿಲ್ಲ. ಮದುವೆಯಾದಂದಿನಿಂದ ಅವನು ನುಂಗಿಕೊಂಡ ಮೊದಲ ತಮಾಷೆ ಅದು. ಅದೊಂದಕ್ಕೇ ಅವಳು ಹೊರಗೆ ಹೋಗಿ ಅತ್ತಳು.

ಕಂಪನಿಯವರು ವಿಚಾರಿಸಿದರು. ಮೇನೇಜರು ಕೆಟ್ಟವರಲ್ಲ, ಆಸ್ಪತ್ರೆಗೆ ಎರಡು ಸಲ ಬಂದರು. ಆದರೆ ವರದಿಯಲ್ಲಿ ಬರೆಯಬೇಕಾದದ್ದನ್ನು ಬರೆಯಲೇಬೇಕಾಗಿತ್ತು. ವ್ಯವಸ್ಥೆ ತನ್ನ ಕೆಲಸ ಮಾಡಿದೆ. ಕರೆ ಬಂದಿದೆ, ನೋಡಲಾಗಿದೆ. ವೈಫೈ ಮೇಡಂ ಗಾಜಿನ ಕೋಣೆಗೆ ಬಂದು, ಕೂರಲು ಹೇಳಿದರೂ ಕೂರದೆ ನಿಂತಳು.

“ನಾನು ಹೇಳಿದ್ದೆ ಅಕ್ಕಾ.”

“ಹೇಳಿದ್ದಿರಿ.”

“ಹೇಳಿ ಸುಮ್ಮನಾಗ್ಬಾರ್ದಿತ್ತು.”

ಗುಂಡಿಗಳ ನಿದ್ದೆಯನ್ನು ಅಂದೇ ತೆಗೆದುಹಾಕಿದರು, ಬ್ಯಾಟರಿ ಬದಲಾಯಿಸಲು ಬೇರೆಯೇ ಆಳನ್ನು ಇಟ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದ ಟ್ರಾಲಿಯವನು. ಆದರೂ ಹಾಕಿದರಲ್ಲ ಎಂದರು ಉಳಿದವರು.

ಹೊಸ ವೈಫೈಯಿಂದ ಕಂಪನಿಗೆ ಒಳ್ಳೆಯದೇ ಆಗಿತ್ತು. ಅದನ್ನು ಪಕ್ಕದ ಎರಡು ಗೋದಾಮುಗಳಿಗೂ ವಿಸ್ತರಿಸಿದರು. ಎಲ್ಲ ಕೋಣೆಗಳ ಸಾಲುಗಳೂ ಒಂದೇ ದೊಡ್ಡ ಪರದೆಯ ಮೇಲೆ ಬರುವಂತಾಯಿತು. ಪರದೆಯನ್ನು ಇಟ್ಟದ್ದು ಅಂಗಳದ ಆಚೆಯ ಆಫೀಸು ಕಟ್ಟಡದಲ್ಲಿ.

“ಅಲ್ಲಿ ಬೆಚ್ಚಗಿರತ್ತೆ, ನಿಮ್ಮ ಮಂಡಿಗೂ ಒಳ್ಳೇದು” ಎಂದರು ಮೇನೇಜರು. “ಆದದ್ದು ಆಯ್ತು. ಆ ಕುರ್ಚಿ ನಿಮ್ಮದೇ.”

“ಅಲ್ಲಿಂದ ಬಾಗಿಲು ಕಾಣತ್ತಾ ಸಾರ್?”

“ಬಾಗಿಲು ಯಾಕೆ? ಎಲ್ಲಾ ಪರದೆಯಲ್ಲೇ ಇರತ್ತಲ್ಲ.”

ಅವಳು, ಕಾರಿಡಾರು ಗುಡಿಸುವ ಕೆಲಸ ಖಾಲಿಯಿದೆಯಂತಲ್ಲ, ಅದನ್ನು ಕೊಡಿ ಎಂದಳು. ಮೇನೇಜರು ಅವಳ ಮುಖವನ್ನೇ ನೋಡಿದರು. ಸಂಬಳ ಇಳಿಯುತ್ತದೆ, ಚಳಿ ಹೆಚ್ಚು, ಈ ವಯಸ್ಸಿನಲ್ಲಿ ಬಗ್ಗಿ ಏಳಬೇಕು ಎಂದರು. ಎಲ್ಲವೂ ನಿಜವೇ ಆಗಿತ್ತು. ಕೊಟ್ಟರು.

ಆಫೀಸಿನ ಕುರ್ಚಿಗೆ ಈಗ ಚುರುಕಾದ ಒಬ್ಬಳು ಬಂದಿದ್ದಾಳೆ. ಬೆರಳು ಬಹಳ ವೇಗ ಎಂದು ಮೇನೇಜರು ಮೆಚ್ಚಿಕೊಳ್ಳುತ್ತಾರೆ. ಸಾಲು ಕೆಂಪಾಗುವುದಕ್ಕೂ ಹಸಿರಾಗುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲವಂತೆ.

ಮೈದುನ ಕೆಲಸಕ್ಕೆ ಮರಳಿದ್ದಾನೆ. ಬೇರೆ ಕೆಲಸ ಅವನಿಗೆ ಯಾರೂ ಕೊಡಲಿಲ್ಲ. ಬಲಗವಸಿನ ಮೂರು ಬೆರಳುಗಳಿಗೆ ಅತ್ತಿಗೆ ಹತ್ತಿ ತುಂಬಿ ಹೊಲಿದಿದ್ದಾಳೆ. ಅವನು ಏಳನೆಯ ಕೋಣೆಗೆ ಹೋಗುವಾಗ ಚಪ್ಪಲಿ ಬಿಟ್ಟು, ಅವಳ ಕಡೆ ನೋಡಿ, ಒಳಹೋಗುತ್ತಾನೆ. ಅವಳು ಗುಡಿಸುತ್ತ ಗುಡಿಸುತ್ತ ಚಪ್ಪಲಿಗಳಿರುವ ಬಾಗಿಲಿಗೆಲ್ಲ ಬಂದು, ಪೊರಕೆಯ ಹಿಡಿಯಿಂದ ಕಬ್ಬಿಣದ ಪಟ್ಟಿಗೆ ತಟ್ಟಿ, ಕಿವಿ ಆನಿಸಿ ನಿಲ್ಲುತ್ತಾಳೆ. ಒಳಗಿನವರು ಕೊಕ್ಕೆಯಿಂದ ತಿರುಗಿ ತಟ್ಟುತ್ತಾರೆ. ಇದನ್ನೂ ಯಾರೂ ನಿಯಮವೆಂದು ಮಾಡಿಲ್ಲ.

ಏಳನೆಯ ಬಾಗಿಲಿನಲ್ಲಿ ಅವಳಿಗೆ ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಟಣ್. ಟಟಣ್. ಅಷ್ಟಕ್ಕೆ ಕೊಕ್ಕೆ ಅವನ ಕೈಯಿಂದ ಜಾರುತ್ತದೆ. ಅದನ್ನು ಮತ್ತೆ ಹಿಡಿದು ಕೊನೆಯ ಪೆಟ್ಟು ಹಾಕಲು ಅವನಿಗೆ ಈಗ ಸಮಯ ಬೇಕು. ಅವಳ ತಲೆಯ ಮೇಲೆ ಬಿಳಿಯ ತಟ್ಟೆಯ ಹಸಿರು ದೀಪ ಮಿಟುಕದೆ ಉರಿಯುತ್ತಿರುತ್ತದೆ. ಯಂತ್ರಗಳು ಗುಂಯ್‌ಗುಡುತ್ತಿರುತ್ತವೆ. ಲೋಹದ ತಂಪು ಕೆನ್ನೆಯಿಂದ ಕಿವಿಗೂ, ಕಿವಿಯಿಂದ ಹಲ್ಲಿಗೂ ಇಳಿಯುವವರೆಗೆ ಅವಳು ಕದಲದೆ ನಿಂತು, ಬರಬೇಕಾದ ಆ ಒಂದು ಪೆಟ್ಟಿಗಾಗಿ ಕಾಯುತ್ತಾಳೆ.